ಸೆಕೆಂಡ್ ಹ್ಯಾಂಡ್ 50 ಎಂಎಂ 1.4 ಲೆನ್ಸ್ ತಗೊಳ್ಳುವವರು ದಯವಿಟ್ಟು ಓದಿ

ಹದಿನಾಲ್ಕು ಸಾವಿರ ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುತ್ತಿರುವುದು ಬೇರೆ ವಿಷಯಕ್ಕೆ. ನನ್ನ ಕಣ್ಣೆದುರೇ, ನನ್ನದೇ ಕ್ಯಾಮೆರಾ ಇಟ್ಟುಕೊಂಡು ಮೋಸ ಮಾಡಿದನಲ್ಲ! ಆರು ವರ್ಷದಿಂದ ಫೋಟೊ ತೆಗೆಯುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಹೀಗೆ ಬೀಳಬಾರದು.

ತಂಗಿ ಮಗಳ ನಾಮಕರಣ ಇತ್ತು. ಅವರ ಮನೆ ಹಾಲ್‌ನಲ್ಲಿ ಬೆಳಕು ಕಮ್ಮಿ. ಎಳೆ ಮಗುವಿನ ಮುಖಕ್ಕೆ ಫ್ಲ್ಯಾಶ್ ಹೊಡೆಯಲು ನನಗೆ ಮನಸ್ಸಿಲ್ಲ. ಅದಕ್ಕೇ ಕ್ಯಾನನ್ ಇಎಫ್ 50 ಎಂಎಂ ಎಫ್ 1.4 ಹುಡುಕುತ್ತಿದ್ದೆ. ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬೆಳಕು ಜಾಸ್ತಿ ಬರುತ್ತೆ. 1993ರಲ್ಲಿ ಬಂದ ಲೆನ್ಸ್, ಹಳೆಯದಾದರೂ ಒಳ್ಳೆಯದು. ಆನ್‌ಲೈನ್‌ನಲ್ಲಿ ಒಂದು ಜಾಹೀರಾತು ಸಿಕ್ಕಿತು. ಹೂವಿನ ಡಿಸೈನ್ ಇರುವ ಟೇಬಲ್ ಬಟ್ಟೆ, ಅದರ ಮೇಲೆ ಲೆನ್ಸ್. 'ಮಿಂಟ್ ಕಂಡಿಷನ್, ಫಿಕ್ಸೆಡ್ ರೇಟ್.'

ಮಾರುವವನು ಜಯನಗರದಲ್ಲಿ ಒಂದು ದರ್ಶಿನಿ ಹತ್ತಿರ ಬನ್ನಿ ಅಂದ. ಮಧ್ಯಾಹ್ನ ಒಂದು ಗಂಟೆ, ಸುಡುವ ಬಿಸಿಲು. ಸಂಜೆ ಸಿಗೋಣ ಅಂದರೆ ಟೈಮ್ ಇಲ್ಲ ಸರ್ ಅಂದ. ಕ್ಯಾಮೆರಾ ಹೊರಗೆ ತೆಗೆದ ತಕ್ಷಣ 'ಕೊಡಿ ಸರ್, ನಾನೇ ಹಾಕಿ ಕೊಡ್ತೀನಿ' ಅಂತ ಇಸ್ಕೊಂಡ. ಲೆನ್ಸ್ ಹಾಕಿದ. ಡಯಲ್ ತಿರುಗಿಸಿ ಪಿ ಮೋಡ್‌ಗೆ ಇಟ್ಟ. ನಾನು ನೋಡುತ್ತಲೇ ಇದ್ದೆ, ಏನೂ ಅನ್ನಿಸಲಿಲ್ಲ. 'ಆ ಬೋರ್ಡ್ ತೆಗೀರಿ ಸರ್' ಅಂತ ರಸ್ತೆಯ ಆಚೆ ಕಡೆ ತೋರಿಸಿದ. ತೆಗೆದೆ. ಝೂಮ್ ಮಾಡಿ ನೋಡಿದರೆ ಒಂದೊಂದು ಅಕ್ಷರವೂ ಸ್ಪಷ್ಟ. ಲೆನ್ಸ್ ಕಾಪಾಡಲು ಮುಂದೆ ಹಾಕಿದ್ದ ಗಾಜು, ಯುವಿ ಫಿಲ್ಟರ್, ಬಿಚ್ಚಲು ಹೋದೆ, ಬರಲಿಲ್ಲ. 'ಟೈಟ್ ಆಗಿದೆ ಸರ್, ಫ್ರೀಯಾಗಿ ಇಟ್ಕೊಳ್ಳಿ' ಅಂದ. ಯುಪಿಐನಲ್ಲಿ ದುಡ್ಡು ಹಾಕಿದೆ. ಕಾಫಿ ದುಡ್ಡೂ ನಾನೇ ಕೊಟ್ಟೆ.

ರಾತ್ರಿ ಮನೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಎಫ್ 1.4ಕ್ಕೆ ಇಟ್ಟು ಹೆಂಡತಿಯ ಫೋಟೊ ತೆಗೆದೆ. ಮುಖದ ಮೇಲೆ ಹಾಲು ಚೆಲ್ಲಿದ ಹಾಗೆ ಮಂಜು. ಸ್ವಲ್ಪ ಹತ್ತಿರ ಹೋದೆ. ಲೆನ್ಸ್‌ನ ಮುಂದಿನ ಕೊಳವೆ ಸ್ವಲ್ಪ ಹೊರಗೆ ಬಂತು, ಅಲ್ಲೇ ಸಿಕ್ಕಿಕೊಂಡು ಗರಗರ ಅಂತು. ಎದೆ ಧಸಕ್ ಅಂತು. ಲೆನ್ಸ್ ಬಿಚ್ಚಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟೆ. ಒಳಗಿನ ಗಾಜಿನ ಅಂಚಿನಿಂದ ನಡುವಿನ ತನಕ ಬೇರು ಬಿಟ್ಟ ಹಾಗೆ ಬಿಳಿ ಎಳೆಗಳು. ಫಂಗಸ್.

ಮಧ್ಯಾಹ್ನದ ಫೋಟೊಗಳ ವಿವರ ತೆಗೆದು ನೋಡಿದೆ. ಹನ್ನೆರಡೂ ಎಫ್ 8 ಅಥವಾ ಅದಕ್ಕಿಂತ ಮೇಲೆ. ಒಂದೂ 1.4 ಇಲ್ಲ! ಬಿಸಿಲಲ್ಲಿ ಪಿ ಮೋಡ್ ಇಟ್ಟರೆ ಕ್ಯಾಮೆರಾ ತಾನೇ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಮುಚ್ಚುತ್ತಾ ಕಿರಿದು ಮಾಡುತ್ತದೆ. ಎಫ್ 8 ಅಂದರೆ 1.4ರಲ್ಲಿ ಬರುವ ಬೆಳಕಿನ 32ರಲ್ಲಿ ಒಂದು ಪಾಲು. ಅಷ್ಟು ಮುಚ್ಚಿದರೆ ಎಂಥ ಲೆನ್ಸ್ ಆದರೂ ಚೆನ್ನಾಗಿಯೇ ಕಾಣುತ್ತೆ. ದೂರದ ಬೋರ್ಡನ್ನೇ ಯಾಕೆ ತೆಗೆಸಿದ ಅಂತಲೂ ಆಗ ಅರ್ಥ ಆಯಿತು. ಹತ್ತಿರ ಫೋಕಸ್ ಮಾಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದ.

ವಾಟ್ಸ್‌ಆ್ಯಪ್ ಮಾಡಿದೆ. ಮೊದಲ ಉತ್ತರ: '1.4ರಲ್ಲಿ ಸ್ವಲ್ಪ ಸಾಫ್ಟ್ ಇರುತ್ತೆ ಸರ್, ಗೊತ್ತಿಲ್ವಾ?' ನನಗೆ ಉರಿದಿದ್ದು ಇದಕ್ಕೇ. ಈ ಲೆನ್ಸ್ 1.4ರಲ್ಲಿ ಸಾಫ್ಟ್, ಅಂದರೆ ಗೆರೆಗಳು ಅಷ್ಟು ಸ್ಪಷ್ಟ ಇರಲ್ಲ ಅನ್ನುವುದು ನಿಜ, 2.8ಕ್ಕೆ ಹೋದರೆ ಚೆನ್ನಾಗಿ ಶಾರ್ಪ್ ಆಗುತ್ತೆ. ನಿಜವನ್ನೇ ಹಿಡಿದುಕೊಂಡು ಸುಳ್ಳು ಹೇಳುತ್ತಾನೆ! ಸಾಫ್ಟ್ ಬೇರೆ, ಮಂಜು ಬೇರೆ ಅಲ್ವಾ? ಟಾರ್ಚ್ ಬಿಟ್ಟು ತೆಗೆದ ಫೋಟೊ ಕಳಿಸಿದೆ. 'ಅದು ಧೂಳು.' ಗರಗರ ಅನ್ನುವ ವಿಡಿಯೊ ಕಳಿಸಿದೆ. 'ನಾನು ಕೊಟ್ಟಾಗ ಸರಿ ಇತ್ತು. ನೀವೇ ಚೆಕ್ ಮಾಡಿ ತಗೊಂಡ್ರಲ್ಲ.' ನಾನೇ ಚೆಕ್ ಮಾಡಿದ್ದು, ಹೌದು. ಅವನು ಇಟ್ಟುಕೊಟ್ಟ ಮೋಡ್‌ನಲ್ಲಿ! ಅರ್ಧ ದುಡ್ಡಾದರೂ ಕೊಡಿ ಅಂದೆ. ಮರುದಿನ ನೋಡಿದರೆ ಅವನ ಪ್ರೊಫೈಲ್ ಫೋಟೊ ಕಾಣಿಸುತ್ತಿಲ್ಲ. ಮೆಸೇಜ್‌ಗೆ ಒಂದೇ ಟಿಕ್. ಬ್ಲಾಕ್.

ರಿಪೇರಿಯವರು ಆ ಫಿಲ್ಟರ್ ಕತ್ತರಿಸಿ ತೆಗೆದರು. ಕೆಳಗೆ ಅಂಚು ಒಳಗೆ ಬಾಗಿತ್ತು. ಲೆನ್ಸ್ ಬಿದ್ದಿದೆ. ಕೊಳವೆ ಹೊರಗಿರುವಾಗ ಪೆಟ್ಟು ಬಿದ್ದರೆ ಇದರ ಆಟೋಫೋಕಸ್ ಕೆಡುತ್ತದೆ. ಫಂಗಸ್ ತೆಗೆಯಬಹುದು, ಅದು ಗಾಜಿನ ಮೇಲಿನ ಕೋಟಿಂಗ್ ತಿಂದುಹಾಕಿದ ಗುರುತು ಹೋಗಲ್ಲ ಅಂದರು.

ದಯವಿಟ್ಟು ಕ್ಯಾಮೆರಾ ಅವರ ಕೈಗೆ ಕೊಡಬೇಡಿ. ದುಡ್ಡು ಕೊಡುವುದೇ 1.4ಕ್ಕೆ, ಹಾಗಾಗಿ 1.4ರಲ್ಲೇ ನೋಡಿ. ನೆರಳಲ್ಲಿ, ಅರ್ಧ ಮೀಟರ್ ಹತ್ತಿರದಲ್ಲೂ ನೋಡಿ, ದೂರದಲ್ಲೂ ನೋಡಿ. ಟಾರ್ಚ್ ಬಿಡಿ. ಫಿಲ್ಟರ್ ಬಿಚ್ಚಲು ಬರದಿದ್ದರೆ ಎದ್ದು ಬನ್ನಿ. ಸಂಜೆ ಸಿಗಲ್ಲ ಅಂದರೂ ಎದ್ದು ಬನ್ನಿ.

ನಾಮಕರಣ ಕ್ಯಾಮೆರಾ ಜೊತೆ ಬಂದ ಹಳೆಯ ಕಿಟ್ ಲೆನ್ಸ್‌ನಲ್ಲೇ ತೆಗೆದೆ, ಪೂರ್ತಿ ಗ್ರೇನ್, ಮರಳು ಉದುರಿಸಿದ ಹಾಗೆ. ತಂಗಿ ಏನೂ ಅನ್ನಲಿಲ್ಲ.

ನಿನ್ನೆ ಇನ್ನೊಂದು ಜಾಹೀರಾತು ಕಣ್ಣಿಗೆ ಬಿತ್ತು. ಬೇರೆ ಹೆಸರು, ಬೇರೆ ನಂಬರ್. 85 ಎಂಎಂ 1.8, ಮಿಂಟ್ ಕಂಡಿಷನ್, ಫಿಕ್ಸೆಡ್ ರೇಟ್. ಕೆಳಗೆ ಅದೇ ಹೂವಿನ ಟೇಬಲ್ ಬಟ್ಟೆ.