ಲಿನಕ್ಸ್‌ನಲ್ಲಿ ವೈಫೈ ಹತ್ತದ ಹಳೇ ಲ್ಯಾಪ್‌ಟಾಪ್: ಡ್ರೈವರ್, ಡಾಂಗಲ್, ಕಾರ್ಡ್ – ಯಾವುದು ಮೇಲು?

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಮೇಲೆ ವೈಫೈ ಕಾಣದಿದ್ದರೆ ಮೊದಲು ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಓಡಿಸಿ ವೈಫೈ ಕಾರ್ಡಿನ ಹೆಸರು ನೋಡಿ. ಬ್ರಾಡ್‌ಕಾಮ್ ಬಿಸಿಎಂ43142 ಎಂದು ಬಂದರೆ ದಾರಿ ಮೂರು: ಡ್ರೈವರ್ ಹಾಕುವುದು, ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್ ಕೊಳ್ಳುವುದು, ಒಳಗಿನ ಕಾರ್ಡನ್ನೇ ಬದಲಾಯಿಸುವುದು. ಮೂರನ್ನೂ ಬಳಸಿ ನೋಡಿದ್ದೇವೆ. ನಮ್ಮ ಓಟು ಕಾರ್ಡ್ ಬದಲಾಯಿಸುವುದಕ್ಕೆ.

ಡ್ರೈವರ್‌ಗೆ ದುಡ್ಡು ಬೇಡ. ಫೋನಿನ ಯುಎಸ್‌ಬಿ ಟೆದರಿಂಗ್‌ನಿಂದ ಇಂಟರ್‌ನೆಟ್ ಪಡೆದು, ಡೆಬಿಯನ್‌ನಲ್ಲಿ ಪ್ಯಾಕೇಜ್ ಮೂಲಗಳಿಗೆ ನಾನ್‌ಫ್ರೀ (ಮುಕ್ತವಲ್ಲದ ಸಾಫ್ಟ್‌ವೇರ್‌ನ) ವಿಭಾಗ ಸೇರಿಸಿ, ಕರ್ನಲ್ (ಲಿನಕ್ಸ್‌ನ ತಿರುಳು) ಹೆಡರ್‌ಗಳ ಜತೆಗೇ ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್ ಪ್ಯಾಕೇಜ್ ಹಾಕಿ. ಹೆಡರ್ ಇಲ್ಲದಿದ್ದರೆ ಡ್ರೈವರ್‌ನ ಮಾಡ್ಯೂಲ್ (ಕರ್ನಲ್‌ಗೆ ಸೇರುವ ತುಣುಕು) ತಯಾರಾಗುವುದಿಲ್ಲ; ಮುಂದೆ ಕರ್ನಲ್ ಅಪ್‌ಡೇಟ್ ಆದಾಗ ವೈಫೈ ಮಾಯವಾಗುವುದೂ ಹೆಚ್ಚಾಗಿ ಇದರಿಂದಲೇ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ಕೋಡ್ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಉಬುಂಟು ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಬೂಟ್‌ನಲ್ಲಿ ನೀಲಿ ಪರದೆ ಬಂದಾಗ ಹತ್ತು ಸೆಕೆಂಡಿನೊಳಗೆ ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ (Enroll MOK) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಅದು ತಪ್ಪಿದರೆ ಮಾಡ್ಯೂಲ್ ಲೋಡ್ ಆಗುವುದಿಲ್ಲ.

ಇಷ್ಟು ಪಾಡುಪಟ್ಟರೂ ಆ ಚಿಪ್ 2.4 ಗಿಗಾಹರ್ಟ್ಸ್‌ನದ್ದು ಮಾತ್ರ. ಮಾಟುಂಗಾ, ಡೊಂಬಿವಲಿಯ ಬಿಲ್ಡಿಂಗುಗಳಲ್ಲಿ ಫ್ಲಾಟಿಗೊಂದು ರೌಟರ್. ಈ ಬ್ಯಾಂಡಿನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಅಷ್ಟೇ. ಡ್ರೈವರ್ ಸರಿಯಿದ್ದೂ ವಿಡಿಯೊ ಕಾಲ್ ತಡವರಿಸುತ್ತದೆ.

ಡಾಂಗಲ್ ಕೊಳ್ಳುವಾಗ ಬ್ರಾಂಡ್ ಅಲ್ಲ, ಚಿಪ್ ಕೇಳಿ. ಒಂದೇ ಮಾಡೆಲ್‌ನ ಬೇರೆ ಆವೃತ್ತಿಯಲ್ಲಿ ಬೇರೆ ಚಿಪ್ ಇರುವುದುಂಟು. ಮೀಡಿಯಾಟೆಕ್ ಎಂಟಿ7612ಯು ಡ್ರೈವರ್ ಕರ್ನಲ್‌ನಲ್ಲೇ ಇದೆ. ಚಿಕ್ಕ ರಿಯಲ್‌ಟೆಕ್ ಡಾಂಗಲ್‌ಗಳು ಕೆಲವೊಮ್ಮೆ ಮೊದಲು ಸಿಡಿ ಡ್ರೈವ್ ಆಗಿ ಕಾಣಿಸುತ್ತವೆ, ಅವನ್ನು ವೈಫೈ ಆಗಿ ಬದಲಿಸಲು ಯುಎಸ್‌ಬಿ-ಮೋಡ್‌ಸ್ವಿಚ್ ಬೇಕಾಗುತ್ತದೆ.

ಕಾರ್ಡ್ ಬದಲಿಸುವವರು ಅದು ಕೂರುವ ಸ್ಲಾಟ್ ಯಾವ ಬಗೆಯದೆಂದು ನೋಡಿಕೊಳ್ಳಿ. ಹಾಫ್ ಮಿನಿ ಪಿಸಿಐಇ ಇದ್ದರೆ ಇಂಟೆಲ್ 7260ಎಚ್‌ಎಂಡಬ್ಲ್ಯು, ಎಂ.2 ಇದ್ದರೆ ಎಎಕ್ಸ್210. ಎರಡಕ್ಕೂ 5 ಗಿಗಾಹರ್ಟ್ಸ್ ಸಿಗುತ್ತದೆ. ಎಎಕ್ಸ್210ಕ್ಕೆ ಕರ್ನಲ್ 5.10 ಅಥವಾ ಮೇಲಿನದು, ಜತೆಗೆ ಇಂಟೆಲ್ ಫರ್ಮ್‌ವೇರ್ ಪ್ಯಾಕೇಜ್ ಬೇಕು. ಎಎಕ್ಸ್211 ಅಂತ ಕೊಟ್ಟರೆ ಬೇಡವೆನ್ನಿ: ನೋಡಲು ಹಾಗೇ ಇದ್ದರೂ ಅದು ಸಿಎನ್‌ವಿಐ (ವೈಫೈಯ ಒಂದು ಪಾಲು ಚಿಪ್‌ಸೆಟ್‌ನೊಳಗೇ ಇರುವ ವಿನ್ಯಾಸ) ಇರುವ ಹೊಸ ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ಮಾತ್ರ ನಡೆಯುತ್ತದೆ.

ಬ್ಯಾಟರಿ ಕನೆಕ್ಟರ್ ಕಳಚಿ, ಕಾರ್ಡಿನ ಒಂದು ಸ್ಕ್ರೂ ಬಿಚ್ಚಿ. ಆಂಟೆನಾ ವೈರನ್ನು ಎಳೆಯಬೇಡಿ. ಲೋಹದ ಟೋಪಿಯ ಕೆಳಗೆ ಪ್ಲಾಸ್ಟಿಕ್ ತುದಿ ಕೊಟ್ಟು ನೇರ ಮೇಲಕ್ಕೆತ್ತಿ. ಅಗ್ಗದ ಮಾಡೆಲ್‌ಗಳಲ್ಲಿ ಒಂದೇ ವೈರ್ ಇರುತ್ತದೆ. ಹಾಗಿದ್ದರೆ ಇನ್ನೊಂದು ಡ್ಯುಯಲ್ ಬ್ಯಾಂಡ್ ಆಂಟೆನಾ ಕೊಂಡು ಪ್ಲಾಸ್ಟಿಕ್ ಚೌಕಟ್ಟಿನ ಒಳಗೆ ಅಂಟಿಸಿ. ಲೋಹದ ಹಿಂದೆ ಹಾಕಿದರೆ ಸಿಗ್ನಲ್ ಸರಿಯಾಗಿ ಬರುವುದಿಲ್ಲ.

ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲು ಬಿಡುವುದೇ ಇಲ್ಲ. ಕಾರ್ಡ್ ವಾಪಸ್ ತಗೋತಾರಾ ಎಂದು ಅಂಗಡಿಯವರನ್ನು ಮೊದಲೇ ಕೇಳಿಕೊಳ್ಳಿ. ಅಂಥ ಲ್ಯಾಪ್‌ಟಾಪಿಗೆ ಡಾಂಗಲೇ ಗತಿ.