ನಾಲ್ಕು ವರ್ಷ ಆನ್‌ಶೇಪ್: ಟ್ಯಾಬ್‌ನಲ್ಲಿ ನಿಜಕ್ಕೂ ಡಿಸೈನ್ ಆಗುತ್ತಾ?

ಫೋನಿನಲ್ಲೇ ಪೂರ್ತಿ ಫಿಕ್ಸ್‌ಚರ್ (ಮೆಷಿನ್ ಮೇಲೆ ಭಾಗವನ್ನು ಹಿಡಿದಿಡುವ ಸಾಧನ) ಡಿಸೈನ್ ಮಾಡ್ತೀನಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಒಂದು ತಿಂಗಳು ನಾನೂ ಹಾಗೇ ಹೇಳಿಕೊಂಡು ತಿರುಗಿದ್ದೆ. ಆನ್‌ಶೇಪ್ ಎಂಬ ಡಿಸೈನ್ ಸಾಫ್ಟ್‌ವೇರ್ ತಗೊಂಡು ಈಗ ನಾಲ್ಕು ವರ್ಷ ಆಯಿತು. ಇನ್ನೂ ದುಡ್ಡು ಕಟ್ಟುತ್ತಿದ್ದೇನೆ, ಟ್ಯಾಬ್ ದಿನಾ ಬ್ಯಾಗಿನಲ್ಲಿರುತ್ತದೆ. ಆದರೆ ಯಾವ ಕೆಲಸಕ್ಕೆ ಅಂತ ತಗೊಂಡೆನೋ ಆ ಕೆಲಸಕ್ಕಲ್ಲ.

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಶಾಪ್. ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್), ಒಂದು ಹಳೇ ಲೇತ್, ಒಂದು ಸರ್ಫೇಸ್ ಗ್ರೈಂಡರ್, ಒಂಬತ್ತು ಜನ. ಜಿಗ್, ಫಿಕ್ಸ್‌ಚರ್ ಮಾಡಿಕೊಡುತ್ತೇವೆ. ಡಿಸೈನ್ ನೋಡಿಕೊಳ್ಳುವುದು ನಾನು ಮತ್ತು ಡಿಪ್ಲೊಮಾ ಮುಗಿಸಿ ಬಂದ ಒಬ್ಬ ಹುಡುಗ. ಮೊದಲು ಎಲ್ಲರಂತೆ ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರೇ ಇತ್ತು. ಫೋಲ್ಡರ್ ತೆಗೆದರೆ ‘ಫೈನಲ್’, ‘ಫೈನಲ್ 2’, ‘ಫೈನಲ್ ಇದೇ’ ಅಂತ ಮೂರು ಫೈಲ್. ಅದರಲ್ಲಿ ಸರಿಯಾದದ್ದು ಯಾವುದು ಅಂತ ಗೊತ್ತಿರುವವನು ಅವತ್ತೇ ರಜ.

ಆನ್‌ಶೇಪ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬ್ರೌಸರ್‌ನಲ್ಲಿ ಓಡುವ 3ಡಿ ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡುವ ಸಾಫ್ಟ್‌ವೇರ್. ಆಂಡ್ರಾಯ್ಡ್‌ಗೂ ಐಫೋನ್, ಐಪ್ಯಾಡ್‌ಗೂ ಆ್ಯಪ್ ಇದೆ. ಮಾಡಿದವರು ಹೊಸಬರಲ್ಲ. 1993ರಲ್ಲಿ ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ಕಂಪನಿ ಶುರು ಮಾಡಿದ ಜಾನ್ ಹರ್ಷ್‌ಟಿಕ್ ತನ್ನ ಹಳೇ ಜೊತೆಗಾರರನ್ನು ಸೇರಿಸಿಕೊಂಡು 2012ರಲ್ಲಿ ಇದನ್ನು ಕಟ್ಟಿದ. (ಈ ಮನುಷ್ಯ ಎಂಐಟಿಯ ಬ್ಲ್ಯಾಕ್‌ಜ್ಯಾಕ್ ತಂಡದಲ್ಲಿ ಇಸ್ಪೀಟಾಡಿ ಗೆದ್ದವನು. ಸಾಲಿಡ್‌ವರ್ಕ್ಸ್‌ಗೆ ಹಾಕಿದ್ದು ಆ ದುಡ್ಡೇ ಅಂತಾರೆ. ನಮ್ಮಲ್ಲಿ ಇಸ್ಪೀಟಾಡಿದವರು ಶಾಪ್ ಮಾರಿದ್ದನ್ನಷ್ಟೇ ನೋಡಿದ್ದೇನೆ.) ಎಲ್ಲರಿಗೂ ಸಿಕ್ಕಿದ್ದು 2015ರಲ್ಲಿ. 2019ರಲ್ಲಿ ಕ್ರಿಯೊ ಎಂಬ ಕ್ಯಾಡ್ ಮಾಡುವ ಪಿಟಿಸಿ ಕಂಪನಿ ಇದನ್ನು 47 ಕೋಟಿ ಡಾಲರ್‌ಗೆ ಕೊಂಡುಕೊಂಡಿತು.

ಒಳಗಿನ ಲೆಕ್ಕ ಸರಳ. ನೀವು ಬೆರಳಲ್ಲಿ ಒಂದು ತೂತು ಹಾಕಿದರೆ ಆ ತೂತಿನ ಗಣಿತ ನಿಮ್ಮ ಟ್ಯಾಬ್‌ನಲ್ಲಿ ನಡೆಯುವುದಿಲ್ಲ. ಎಲ್ಲೋ ಇರುವ ಸರ್ವರ್‌ನಲ್ಲಿ ನಡೆಯುತ್ತದೆ. ಅಲ್ಲಿ ಕೆಲಸ ಮಾಡುವುದು ಪ್ಯಾರಾಸಾಲಿಡ್ ಎಂಬ ಕರ್ನಲ್ (ಆಕಾರದ ಲೆಕ್ಕ ಮಾಡುವ ಎಂಜಿನ್), ಸಾಲಿಡ್‌ವರ್ಕ್ಸ್‌ನಲ್ಲೂ ಎನ್‌ಎಕ್ಸ್ ಎಂಬ ಇನ್ನೊಂದು ಕ್ಯಾಡ್‌ನಲ್ಲೂ ಇರುವುದು ಅದೇ. ಲೆಕ್ಕ ಮುಗಿದ ಮೇಲೆ ತೋರಿಸಲು ಬೇಕಾದ ಸಣ್ಣ ಸಣ್ಣ ತ್ರಿಕೋನಗಳು ಮಾತ್ರ ನಿಮ್ಮ ಕಡೆ ಬರುತ್ತವೆ. ಹಾಗಾಗಿ ಸಾಧಾರಣ ಟ್ಯಾಬ್‌ನಲ್ಲೂ ನಮ್ಮ ಮೂವತ್ತು ನಲವತ್ತು ಪಾರ್ಟಿನ ಫಿಕ್ಸ್‌ಚರ್ ಆರಾಮಾಗಿ ತಿರುಗುತ್ತದೆ. ಪಾರ್ಟ್ ಸಂಖ್ಯೆ ಬೆಳೆದಂತೆ ಮಾತ್ರ ಕಷ್ಟ. ಲೆಕ್ಕ ಸರ್ವರ್‌ದಾದರೂ ಚಿತ್ರ ಬಿಡಿಸುವ ಕೆಲಸ ಟ್ಯಾಬಿನದೇ ಅಲ್ವಾ.

ಈಗ ಬೆರಳಿನ ವಿಷಯಕ್ಕೆ ಬರೋಣ, ಯಾಕೆಂದರೆ ಎಲ್ಲರೂ ಸೋಲುವುದು ಇಲ್ಲೇ. ಒಂದು ಬೆರಳಲ್ಲಿ ತಿರುಗಿಸುವುದು, ಎರಡು ಬೆರಳಲ್ಲಿ ಸರಿಸುವುದು, ಹಿಗ್ಗಿಸುವುದು, ಇದೆಲ್ಲ ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ. ಮೌಸ್‌ಗಿಂತ ಚೆನ್ನ ಅಂತಲೇ ಹೇಳುತ್ತೇನೆ. ಆಯ್ಕೆ ಮಾಡಬೇಕಾದಾಗ ಕಥೆ ಬೇರೆ. ಮೌಸ್ ಆದರೆ ಒತ್ತುವ ಮೊದಲೇ ಯಾವ ಅಂಚು ಸಿಗುತ್ತದೆ ಅಂತ ಬಣ್ಣ ಬದಲಾಗಿ ತೋರಿಸುತ್ತದೆ. ಬೆರಳಿಗೆ ಆ ಸೌಲಭ್ಯ ಇಲ್ಲ. 1 ಮಿ.ಮೀ. ಚಾಂಫರ್‌ನ (ಓರೆಯಾಗಿ ಕತ್ತರಿಸಿದ ಮೂಲೆಯ) ಒಳ ಅಂಚು ಬೇಕು ಅಂತ ಮುಟ್ಟಿದರೆ ಹೊರ ಅಂಚು ಸಿಗುತ್ತದೆ, ಇನ್ನೊಮ್ಮೆ ಮುಟ್ಟಿದರೆ ಪಕ್ಕದ ಮುಖ. ಬೆರಳಿನ ಕೆಳಗೆ ಏನಿದೆ ಅಂತ ನಿಮಗೂ ಕಾಣುವುದಿಲ್ಲ. ಇದಕ್ಕೆ ಆ್ಯಪ್‌ನಲ್ಲಿ ಒಂದು ಉಪಾಯ ಇಟ್ಟಿದ್ದಾರೆ. ಬೆರಳನ್ನು ಒತ್ತಿ ಹಿಡಿದರೆ ಒಂದು ಗುರಿಗೆರೆ ಬರುತ್ತದೆ. ಬೆರಳು ಎತ್ತದೆ ಅದನ್ನು ಬೇಕಾದ ಅಂಚಿನ ಮೇಲೆ ತಂದು ಬಿಡಬೇಕು. ಇದು ಗೊತ್ತಾಗುವ ತನಕ ನಾನು ಬೈದುಕೊಂಡದ್ದು ಲೆಕ್ಕವಿಲ್ಲ. ಗೊತ್ತಾದ ಮೇಲೂ ಸ್ಕೆಚ್ ಬರೆಯಲು ಪೆನ್ ಇದ್ದರೆ ವಾಸಿ. ಫೋನಿನಲ್ಲಂತೂ ಸ್ಕೆಚ್ ಬರೆಯಲು ಹೋಗಲೇಬೇಡಿ. ಫೋನ್ ಇರುವುದು ನೋಡಲಿಕ್ಕೆ, ಅಳೆಯಲಿಕ್ಕೆ, ಒಂದು ಅಂಕಿ ಬದಲಾಯಿಸಲಿಕ್ಕೆ.

ಹಾಗಾದರೆ ಟ್ಯಾಬ್ ಯಾಕೆ? ಒಂದು ದಿನದ ಸಂಗತಿ ಹೇಳುತ್ತೇನೆ.

ಒಂದು ಎಂಎಸ್ (ಮೆದು ಉಕ್ಕಿನ) ಪ್ಲೇಟು, 20 ಮಿ.ಮೀ. ದಪ್ಪ, ಮೇಲೆ ಎರಕದ ಜಾಬ್, ಅಂದರೆ ಮೆಷಿನ್‌ನಲ್ಲಿ ಕೊರೆಯಬೇಕಾದ ಭಾಗ, ಕೂರಬೇಕು. ಪ್ಲೇಟನ್ನು ಕೆಳಗಿನ ಬೇಸ್‌ಗೆ ಹಿಡಿಯುವುದು ನಾಲ್ಕು ಎಂ8 ಅಲೆನ್ ಬೋಲ್ಟ್. ನಮ್ಮ ವಿಎಂಸಿ ಆಪರೇಟರ್ ನನಗಿಂತ ಹನ್ನೆರಡು ವರ್ಷ ದೊಡ್ಡವರು, ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಅವರು ಕೂಗಿದರು. “ಸಾರ್, ಒಂದ್ನಿಮಿಷ ಬನ್ನಿ. ಬೋಲ್ಟ್ ತಲೆ ಒಳಗೆ ಕೂರ್ತಾ ಇಲ್ಲ.” ಹೋಗಿ ನೋಡಿದೆ. ಎಂ8 ಬೋಲ್ಟಿನ ತಲೆ 8 ಮಿ.ಮೀ. ಎತ್ತರ. ಕೌಂಟರ್‌ಬೋರ್, ಅಂದರೆ ತಲೆ ಮುಳುಗಲು ಕೊರೆಯುವ ಅಗಲ ತೂತು, ಹೊಡೆದಿರುವುದು 6. ತಲೆ 2 ಮಿ.ಮೀ. ಎದ್ದು ನಿಂತಿತ್ತು, ಅದರ ಮೇಲೆ ಜಾಬ್ ಹೇಗೆ ಕೂರಬೇಕು? ಅಣ್ಣ ಕೂಲೆಂಟ್ ಎಣ್ಣೆಯಲ್ಲಿ ನೆನೆದು ಹಪ್ಪಳವಾಗಿದ್ದ ಪ್ರಿಂಟ್ ತೋರಿಸಿದರು. ಅದರಲ್ಲಿ 6 ಅಂತಲೇ ಇತ್ತು. ತಪ್ಪು ಅವರದಲ್ಲ. ಪ್ರಿಂಟ್ ಕೊಟ್ಟ ಮೇಲೆ ನಾನು ಮಾಡೆಲ್‌ನಲ್ಲಿ 9 ಅಂತ ತಿದ್ದಿದ್ದೆ, ಹೊಸ ಪ್ರಿಂಟ್ ಕೊಡುವುದು ಮರೆತಿದ್ದೆ.

ಮೆಷಿನ್ ಪಕ್ಕದಲ್ಲೇ ಟ್ಯಾಬ್ ತೆಗೆದೆ. ಅದೇ ಪ್ಲೇಟನ್ನು ಅಡ್ಡ ಕತ್ತರಿಸಿ ತೋರಿಸಿದೆ. 9 ಆಳ ಹೋದರೆ ಕೆಳಗೆ 11 ಉಳಿಯುತ್ತದೆ, ಪಕ್ಕದ ಡೋವೆಲ್ ಪಿನ್ನಿನ ತೂತಿಗೂ ತಾಗುವುದಿಲ್ಲ. ಅಣ್ಣ ಕನ್ನಡಕ ಮೇಲೇರಿಸಿ, ತಾವೇ ಬೆರಳಲ್ಲಿ ಪ್ಲೇಟನ್ನು ಅತ್ತ ಇತ್ತ ತಿರುಗಿಸಿ ನೋಡಿದರು. “ಇದು ಮೊದ್ಲೇ ತೋರ್ಸಿದ್ರೆ ಪ್ರಿಂಟೇ ಬೇಕಾಗ್ತಿರ್ಲಿಲ್ಲ ಅಲ್ವಾ” ಅಂದರು. ಆಮೇಲೆ ಕ್ಲಾಂಪಿನ ಕಡೆ ಬೆರಳಿಟ್ಟು, “ಹಂಗಾದ್ರೆ ಇದೂ ನೋಡಿ, ಈ ಹಿಡಿ ಟೂಲ್ ಹೋಲ್ಡರ್‌ಗೆ ಹೊಡಿಯುತ್ತೆ” ಅಂದರು. ಕಾಗದದ ಡ್ರಾಯಿಂಗ್ ಹಿಡಿದು ಅವರು ಅಷ್ಟು ದಿನ ಒಂದು ಮಾತೂ ಆಡಿರಲಿಲ್ಲ. ತಿರುಗಿಸಿ ನೋಡಿದ ತಕ್ಷಣ ಕಂಡಿತು. ಅಲ್ಲೇ ನಿಂತು ಕ್ಲಾಂಪ್ ಬ್ರ್ಯಾಕೆಟನ್ನು 12 ಮಿ.ಮೀ. ಹಿಂದಕ್ಕೆ ಸರಿಸಿದೆ. ಒಂದೇ ಅಂಕಿ ಬದಲಾಯಿಸುವ ಕೆಲಸ. ಅಷ್ಟರಲ್ಲಿ ಮೇಲಿನ ಆಫೀಸಿನಿಂದ ಹುಡುಗ ಗಾಬರಿಯಾಗಿ ಫೋನ್ ಮಾಡಿದ. “ಸಾರ್, ನಾನು ನೋಡ್ತಾ ಇರೋ ಹಾಗೇ ಬ್ರ್ಯಾಕೆಟ್ ಸರೀತಾ ಇದೆ!”

ಅವತ್ತಿನಿಂದ ಅಣ್ಣನ ಬಾಯಲ್ಲಿ ಟ್ಯಾಬ್‌ಗೆ ‘ಸ್ಲೇಟು’ ಅಂತ ಹೆಸರು.

ನಾನು ನಾಲ್ಕು ವರ್ಷ ದುಡ್ಡು ಕಟ್ಟಿರುವುದು ಇದಕ್ಕೆ. ಇಲ್ಲಿ ಫೈಲ್ ಅನ್ನುವುದೇ ಇಲ್ಲ. ಆಫೀಸಿನ ಲ್ಯಾಪ್‌ಟಾಪ್‌ನಲ್ಲೂ ಮೆಷಿನ್ ಪಕ್ಕದ ಟ್ಯಾಬ್‌ನಲ್ಲೂ ತೆರೆಯುವುದು ಒಂದೇ ಮಾಡೆಲ್. ಹೊಸೂರಿನ ಕಸ್ಟಮರ್‌ಗೆ ನೋಡಲಿಕ್ಕೆ ಮಾತ್ರ ಅನುಮತಿ ಇರುವ ಲಿಂಕ್ ಕಳಿಸುತ್ತೇನೆ. ಅವರು ಏನೂ ಇನ್‌ಸ್ಟಾಲ್ ಮಾಡುವುದು ಬೇಡ. ಒಬ್ಬರ ಹಿಂದೆ ಇನ್ನೊಬ್ಬರು ಹೋಗುವ ಸೌಲಭ್ಯವೂ ಇದೆ. ಹುಡುಗನ ಚಿತ್ರ ಒತ್ತಿದರೆ ಅವನು ಮಾಡೆಲನ್ನು ಹೇಗೆ ತಿರುಗಿಸುತ್ತಾನೋ ನನ್ನ ಸ್ಕ್ರೀನಿನಲ್ಲೂ ಹಾಗೇ ತಿರುಗುತ್ತದೆ. “ಎಡಗಡೆ ಮೂಲೆ, ಅದಲ್ಲಪ್ಪ, ಅದರ ಪಕ್ಕದ್ದು” ಅಂತ ಫೋನಿನಲ್ಲಿ ಅರಚುವುದು ನಿಂತಿದೆ. ಐಪ್ಯಾಡ್‌ನಲ್ಲಿ ಮಾಡೆಲನ್ನು ನಿಜವಾದ ನೆಲದ ಮೇಲೆ ಇಟ್ಟ ಹಾಗೆ ಕ್ಯಾಮೆರಾದಲ್ಲಿ ತೋರಿಸುವ ಆಟವೂ ಇದೆ. ಕಸ್ಟಮರ್ ಬಾಯಿ ಬಿಟ್ಟು ನೋಡುತ್ತಾರೆ, ಒಮ್ಮೆ. ಎರಡನೇ ಸಲ ಯಾರೂ ಕೇಳಿಲ್ಲ.

ಸೇವ್ ಬಟನ್ ಇಲ್ಲ. ಇದು ವರವೂ ಹೌದು, ಶಾಪವೂ ಹೌದು. ಕರೆಂಟ್ ಹೋದರೂ, ಟ್ಯಾಬ್ ಬಿದ್ದು ಒಡೆದರೂ ಮಾಡಿದ ಕೆಲಸ ಸರ್ವರ್‌ನಲ್ಲಿರುತ್ತದೆ. ಆದರೆ ಬೆರಳು ಮಾಡಿದ ತಪ್ಪೂ ಹಾಗೇ ಉಳಿಯುತ್ತದೆ. ಒಂದು ಭಾನುವಾರ ಟ್ಯಾಬ್ ತೆರೆದೇ ಇಟ್ಟು ಊಟಕ್ಕೆ ಎದ್ದಿದ್ದೆ. ಮಗಳಿಗೆ ಆರು ವರ್ಷ. ಬಣ್ಣ ಬಣ್ಣದ ಆಟಿಕೆ ಅಂದುಕೊಂಡಳು. ಸೋಮವಾರ ಹುಡುಗ ತೆರೆದು ನೋಡಿದರೆ ಎರಡು ಫೀಚರ್ (ಮಾಡೆಲ್ ಕಟ್ಟಿದ ಹೆಜ್ಜೆಗಳು) ಅಳಿಸಿಹೋಗಿವೆ, ಉಳಿದ ಅರ್ಧ ಕೆಟ್ಟು ಕೆಂಪಾಗಿವೆ. ಹಳೇ ಸಾಫ್ಟ್‌ವೇರ್ ಆಗಿದ್ದರೆ ಅವತ್ತಿನ ದಿನ ಹೋಗಿತ್ತು. ಇಲ್ಲಿ ಪ್ರತಿ ಬದಲಾವಣೆಯೂ ಯಾರು, ಯಾವಾಗ ಮಾಡಿದ್ದು ಅಂತ ಸಾಲಾಗಿ ಬರೆದಿರುತ್ತದೆ. ಭಾನುವಾರ ಮಧ್ಯಾಹ್ನದ ಹಿಂದಿನ ಸಾಲು ಒತ್ತಿ, ಅಲ್ಲಿಗೇ ವಾಪಸ್ ಹೋದೆವು. ದಾಖಲೆಯಲ್ಲಿ ಮಾತ್ರ ಅಳಿಸಿದವರ ಹೆಸರು ನನ್ನದೇ ಇದೆ. ಅದಾದ ಮೇಲೆ ಮನೆಗೆ ಹೊರಡುವ ಮುನ್ನ ಒಂದು ವರ್ಷನ್ ಗುರುತು ಹಾಕಿ ಹೊರಡುತ್ತೇನೆ. ಶಾಪ್‌ನಲ್ಲೇ ಇರುವ ಇನ್ನೊಂದು ಸ್ಲೇಟಿನ ಅಕೌಂಟ್‌ಗೆ ನೋಡುವ ಹಕ್ಕು ಮಾತ್ರ ಕೊಟ್ಟಿದ್ದೇನೆ. ಕೂಲೆಂಟ್ ಅಂಟಿದ ಬೆರಳು ಎಲ್ಲಿ ಮುಟ್ಟುತ್ತದೆ ಅಂತ ಹೇಳಲಾಗದು.

ದೊಡ್ಡ ಕೊರತೆ ಒಂದೇ. ನೆಟ್ ಇಲ್ಲ ಅಂದರೆ ಏನೂ ಇಲ್ಲ. ನಿಧಾನವಾಗುವುದಲ್ಲ, ನಿಂತೇ ಹೋಗುತ್ತದೆ. ನಾನು ದಿನಾ ಹಸಿರು ಮೆಟ್ರೊದಲ್ಲಿ ಬನಶಂಕರಿಯಿಂದ ಪೀಣ್ಯಕ್ಕೆ ಬರುವವನು. ನ್ಯಾಷನಲ್ ಕಾಲೇಜ್ ದಾಟಿ ರೈಲು ಸುರಂಗಕ್ಕೆ ಇಳಿದರೆ ನನ್ನ ಸಿಮ್ ಕೈ ಕೊಡುತ್ತದೆ. ಮಂತ್ರಿ ಸ್ಕ್ವೇರ್ ಹತ್ತಿರ ಮೇಲೆ ಬರುವ ತನಕ ಮಾಡೆಲ್ ಶಿಲೆಯ ಹಾಗೆ ಕೂತಿರುತ್ತದೆ. ಶಾಪ್‌ನಲ್ಲೂ ಹೀಗೇ ಆಗಿತ್ತು. ಮೇಲೆ ತಗಡು, ಸುತ್ತ ಕಬ್ಬಿಣ, ವೈಫೈ ಲೇತ್ ತನಕವೂ ಬರುತ್ತಿರಲಿಲ್ಲ. ಇನ್ನೊಂದು ರೂಟರ್ ಹಾಕಿಸಿ, ಅದನ್ನು ಯುಪಿಎಸ್‌ಗೆ ಸೇರಿಸಿ, ಬೇರೆ ಕಂಪನಿಯ ಸಿಮ್ ಒಂದನ್ನು ಸ್ಟೆಪ್ನಿ ತರ ಇಟ್ಟ ಮೇಲೆ ನೆಮ್ಮದಿ. ಈ ಖರ್ಚನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನೆಟ್ ಇಲ್ಲದ ಕಡೆಯೇ ನಿಮ್ಮ ಕೆಲಸ ಜಾಸ್ತಿ ಅಂದರೆ ಐಪ್ಯಾಡ್‌ನಲ್ಲಿ ಶೇಪರ್3ಡಿ ನೋಡಿ. ಅದರ ಲೆಕ್ಕ ಟ್ಯಾಬ್ ಒಳಗೇ ನಡೆಯುತ್ತದೆ, ಪೆನ್ನಿಗೂ ಚೆನ್ನಾಗಿ ಒಗ್ಗುತ್ತದೆ. ಫ್ಯೂಷನ್ ಎಂಬ ಇನ್ನೊಂದು ಕ್ಯಾಡ್‌ನ ಮೊಬೈಲ್ ಆ್ಯಪ್ ನೋಡಲಿಕ್ಕೆ, ಗುರುತು ಹಾಕಲಿಕ್ಕೆ ಮಾತ್ರ. ಮಾಡೆಲ್ ತಿದ್ದಲು ಕಂಪ್ಯೂಟರ್ ಬೇಕೇ ಬೇಕು.

ಡ್ರಾಯಿಂಗ್ ಶೀಟ್ ಮಾಡುವುದು, ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಅಂತ) ಹಾಕುವುದು, ದೊಡ್ಡ ಅಸೆಂಬ್ಲಿ ಜೋಡಿಸುವುದು, ಇವನ್ನೆಲ್ಲ ನಾನು ಲ್ಯಾಪ್‌ಟಾಪ್‌ಗೇ ಬಿಟ್ಟಿದ್ದೇನೆ. ಅಲ್ಲಿ ಮೌಸ್ ಇದೆ, ಬೆನ್ನಿಗೆ ಕುರ್ಚಿ ಇದೆ.

ದುಡ್ಡಿನ ವಿಷಯ. ಫ್ರೀ ಪ್ಲಾನ್ ಇದೆ, ಆದರೆ ಅದರಲ್ಲಿ ಮಾಡಿದ ಡಾಕ್ಯುಮೆಂಟ್ ಎಲ್ಲ ಸಾರ್ವಜನಿಕ, ಪ್ರಪಂಚದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ವ್ಯಾಪಾರಕ್ಕೆ ಬಳಸುವಂತಿಲ್ಲ. ಕಲಿಯುವವರಿಗೆ, ಮನೆಯಲ್ಲಿ 3ಡಿ ಪ್ರಿಂಟರ್ ಇಟ್ಟುಕೊಂಡವರಿಗೆ ಧಾರಾಳವಾಗಿ ಸಾಕು. ಕಾಲೇಜು ಹುಡುಗರಿಗೆ ಬೇರೆ ಉಚಿತ ಪ್ಲಾನ್ ಇದೆ. ಕಸ್ಟಮರ್ ಡ್ರಾಯಿಂಗ್ ಇಟ್ಟುಕೊಂಡು ಫ್ರೀ ಪ್ಲಾನ್‌ನಲ್ಲಿ ಕೆಲಸ ಮಾಡಿದರೆ ಮಾತ್ರ ಆರ್ಡರ್ ಜೊತೆ ಮರ್ಯಾದೆಯೂ ಹೋಗುತ್ತದೆ. ನಾವು ತಗೊಂಡಾಗ ಸ್ಟ್ಯಾಂಡರ್ಡ್ ಪ್ಲಾನ್ ಒಬ್ಬರಿಗೆ ವರ್ಷಕ್ಕೆ 1,500 ಡಾಲರ್, ಅಂದರೆ ಒಂದು ಲಕ್ಷದ ಮೇಲೇ ಆಯಿತು. ಇಬ್ಬರಿಗೆ ಕಟ್ಟುವಾಗ ಪ್ರತಿ ವರ್ಷವೂ ಹೊಟ್ಟೆ ಚುರ್ ಅನ್ನುತ್ತದೆ. ಕಟ್ಟದಿದ್ದರೆ ಹಳೇ ಸಾಫ್ಟ್‌ವೇರ್ ತರ ಹಳೇ ವರ್ಷನ್‌ನಲ್ಲೇ ಕಾಲ ತಳ್ಳುವ ದಾರಿಯೂ ಇಲ್ಲ. ಹಾಗಾಗಿ ಮುಗಿದ ಪ್ರತಿ ಕೆಲಸದ ಸ್ಟೆಪ್ ಫೈಲ್ (ಬೇರೆ ಕ್ಯಾಡ್‌ಗಳಲ್ಲೂ ತೆರೆಯುವ 3ಡಿ ಫೈಲ್), ಡ್ರಾಯಿಂಗ್ ಪಿಡಿಎಫ್ ಎರಡನ್ನೂ ಇಳಿಸಿ ನಮ್ಮದೇ ಹಾರ್ಡ್ ಡಿಸ್ಕ್‌ನಲ್ಲಿ ಇಡುತ್ತೇವೆ. ಸ್ಟೆಪ್‌ನಲ್ಲಿ ಆಕಾರ ಬರುತ್ತದೆ, ಅದನ್ನು ಕಟ್ಟಿದ ಹೆಜ್ಜೆಗಳು ಬರುವುದಿಲ್ಲ, ಅದು ನೆನಪಿರಲಿ. ಒಬ್ಬ ಕಸ್ಟಮರ್ ತಮ್ಮ ಡಿಸೈನ್ ಕ್ಲೌಡ್‌ಗೆ ಹೋಗಲೇಬಾರದು ಅಂತ ಬರೆಸಿಕೊಂಡಿದ್ದಾರೆ. ಅವರ ಕೆಲಸಕ್ಕೆ ಹಳೇ ಕಂಪ್ಯೂಟರ್, ಹಳೇ ಸಾಫ್ಟ್‌ವೇರ್ ಇನ್ನೂ ಮೂಲೆಯಲ್ಲಿ ಉಸಿರಾಡುತ್ತಿದೆ.

ತಗೊಳ್ಳುವವರಿಗೆ ನನ್ನ ಸಲಹೆ: ಟ್ಯಾಬ್ 11 ಇಂಚಿಗಿಂತ ಚಿಕ್ಕದು ಬೇಡ, ಪೆನ್ ಇರಲಿ, ದಪ್ಪ ರಬ್ಬರ್ ಕವರ್ ಇರಲಿ. ಮೊದಲು ಫ್ರೀ ಪ್ಲಾನ್‌ನಲ್ಲಿ ಸುಮ್ನೆ ಒಂದು ಬೆಂಚ್ ವೈಸ್ ಮಾಡಿ ನೋಡಿ. ಆಮೇಲೆ ಅದನ್ನು ನಿಮ್ಮ ಆಪರೇಟರ್ ಕೈಗೆ ಕೊಟ್ಟು ಪಕ್ಕದಲ್ಲಿ ಐದು ನಿಮಿಷ ನಿಲ್ಲಿ.

ನಮ್ಮ ಸ್ಲೇಟಿನ ಬಲಗಡೆ ಮೂಲೆ ಈಗ ಬಿರುಕು ಬಿಟ್ಟಿದೆ, ಕವರ್ ಒಳಗೆ ಸಣ್ಣ ಲೋಹದ ಚೂರು ಸೇರಿಕೊಂಡಿದೆ. ಹೊಸದು ತರೋಣ ಅಂದೆ. “ನಡೀತಾ ಇದೆ ಬಿಡಿ ಸಾರ್, ಬೋಲ್ಟ್ ಕಾಣುತ್ತಲ್ಲ” ಅಂದರು ಅಣ್ಣ.