ಅನೊಟೇಶನ್‌ಸ್ಕೆಚ್: ಒಂಬತ್ತು ಕಾಲಂಗಳ ಕಡತಕ್ಕೆ ಒಂದು ಚಿತ್ರ

ಜೀನೋಮಿನಲ್ಲಿ ಯಾವ ಜೀನು ಎಲ್ಲಿದೆ ಎಂದು ಗುರುತಿಸುವ ಟಿಪ್ಪಣಿಗಳ ಜಿಎಫ್‌ಎಫ್3 ಕಡತವನ್ನು ತೆರೆದರೆ ಕಾಣುವುದು ಟ್ಯಾಬ್‌ಗಳಿಂದ ಬೇರ್ಪಟ್ಟ ಒಂಬತ್ತು ಕಾಲಂಗಳು ಮಾತ್ರ. ಯಾವ ಎಕ್ಸಾನ್ (ಅಂತಿಮ ಆರ್‌ಎನ್‌ಎಯಲ್ಲಿ ಉಳಿಯುವ ಜೀನಿನ ತುಂಡು) ಯಾವ ಜೀನಿಗೆ ಸೇರಿದ್ದೆಂಬುದನ್ನು ಕೊನೆಯ ಕಾಲಂನಲ್ಲಿರುವ ಐಡಿ, ಪೇರೆಂಟ್ ಗುರುತುಗಳನ್ನು ನೋಡಿ ನಾವೇ ಹೊಂದಿಸಿಕೊಳ್ಳಬೇಕು. ಆ ಹೊಂದಾಣಿಕೆಯನ್ನು ತಾನೇ ಮಾಡಿ ಚಿತ್ರ ಬಿಡಿಸಿಕೊಡುವ ತಂತ್ರಾಂಶ ಅನೊಟೇಶನ್‌ಸ್ಕೆಚ್. ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಜೀನೋಮ್‌ಟೂಲ್ಸ್ ಎಂಬ ಮುಕ್ತ ತಂತ್ರಾಂಶದ ಭಾಗವಾದ ಇದನ್ನು ಪರಿಚಯಿಸುವ ಪ್ರಬಂಧ 2009ರಲ್ಲಿ ಪ್ರಕಟವಾಯಿತು.

ಪರೀಕ್ಷೆಗೆಂದು ಬ್ರೆಡ್ ಯೀಸ್ಟಿನ ಆರನೆಯ ಕ್ರೋಮೋಸೋಮಿನಲ್ಲಿ 53,000ದಿಂದ 58,000ದವರೆಗಿನ ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ತುಣುಕನ್ನು ಆರಿಸಿಕೊಂಡೆ. 'ಜಿಟಿ ಸ್ಕೆಚ್' ಆದೇಶಕ್ಕೆ ಕ್ರೋಮೋಸೋಮಿನ ಹೆಸರು, ಆರಂಭ, ಅಂತ್ಯ ಇಷ್ಟನ್ನು ಕೊಟ್ಟರೆ ಸಾಕು. ಎಸಿಟಿ1 ಮತ್ತು ವೈಪಿಟಿ1 ಜೀನುಗಳು, ಅವನ್ನು ಓದುವ ದಿಕ್ಕಿಗೆ ತಕ್ಕಂತೆ, ಎಡಕ್ಕೂ, ಟಿಯುಬಿ2 ಬಲಕ್ಕೂ ಮುಖ ಮಾಡಿ ನಿಲ್ಲುತ್ತವೆ. ಇಲ್ಲಿ ನಿಜವಾದ ಪರೀಕ್ಷೆ ಎಸಿಟಿ1 ಜೀನಿನದು: ಇದರ ಪ್ರೋಟೀನ್ ಸಂಕೇತದ ಮೊದಲ ತುಂಡಿನಲ್ಲಿರುವುದು ಕೇವಲ 10 ಬೇಸ್‌ಗಳು, ಅದರ ಬೆನ್ನಿಗೇ 300ಕ್ಕೂ ಹೆಚ್ಚು ಬೇಸ್‌ಗಳ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯಲಾಗುವ ತುಂಡು) ಇದೆ. ತಾನಾಗಿ ಸಿಗುವ 800 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಆ ಮೊದಲ ತುಂಡಿಗೆ ದಕ್ಕುವುದು ಎರಡು ಪಿಕ್ಸೆಲ್‌ಗಿಂತ ಕಡಿಮೆ ಜಾಗ. ಗೊತ್ತಿಲ್ಲದವರು ಅದನ್ನು ಪೆಟ್ಟಿಗೆಯ ಅಂಚೆಂದೇ ತಿಳಿದಾರು. ಇದು ತಂತ್ರಾಂಶದ ತಪ್ಪಲ್ಲ, ಅಳತೆಯ ಲೆಕ್ಕಾಚಾರ. ಆದರೂ ಇಂಥ ಕಡೆ ವ್ಯಾಪ್ತಿಯನ್ನು ಕಿರಿದು ಮಾಡಿ ಇನ್ನೊಂದು ಚಿತ್ರ ತೆಗೆಯದೆ ಪ್ರಬಂಧಕ್ಕೆ ಸೇರಿಸುವುದು ಸರಿಯಲ್ಲ. ಪಿಎನ್‌ಜಿಯ ಬದಲು ಎಸ್‌ವಿಜಿ ಅಥವಾ ಪಿಡಿಎಫ್ ರೂಪದಲ್ಲಿ ಪಡೆದರೆ ಹಿಗ್ಗಿಸಿ ನೋಡಲು ಅನುಕೂಲ.

ಬಣ್ಣ, ಆಕಾರಗಳೆಲ್ಲ ಲುವಾ ಭಾಷೆಯ ಒಂದು ಶೈಲಿ ಕಡತದಲ್ಲಿರುತ್ತವೆ. ಅದನ್ನು ಒಮ್ಮೆ ತಿದ್ದಿಟ್ಟುಕೊಂಡರೆ ನೂರು ಜೀನುಗಳ ಚಿತ್ರಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರುತ್ತವೆ. ಮೌಸ್ ಹಿಡಿದು ಒಂದೊಂದನ್ನೇ ಸಿಂಗರಿಸುವ ತಂತ್ರಾಂಶಗಳಿಗಿಂತ ಇದನ್ನು ನಾನು ಮೆಚ್ಚುವುದು ಈ ಕಾರಣಕ್ಕೇ. ಪೈಥಾನ್, ರೂಬಿಗಳಿಂದಲೂ ಕರೆಯಬಹುದು.

ಕಡತದ ವಿಷಯದಲ್ಲಿ ಮಾತ್ರ ಇದು ಮಡಿವಂತ. ಆವೃತ್ತಿಯನ್ನು ಹೇಳುವ ಮೊದಲ ಸಾಲು ಇಲ್ಲದಿದ್ದರೆ ದೋಷ ತೋರಿಸಿ ನಿಂತುಬಿಡುತ್ತದೆ. ಪೇರೆಂಟ್ ಗುರುತು ಬಿಟ್ಟುಹೋದ ಎಕ್ಸಾನ್‌ಗಳನ್ನಂತೂ, ಜೀನಿನೊಳಗೆ ಸೇರಿಸದೆ, ತಬ್ಬಲಿಗಳಂತೆ ಬೇರೆ ಸಾಲಿನಲ್ಲಿ ಕೂರಿಸುತ್ತದೆ. ಟಿಪ್ಪಣಿಯ ದೋಷ ಹೀಗೆ ಕಣ್ಣಿಗೆ ಬೀಳುವುದು ನನ್ನ ಮಟ್ಟಿಗೆ ಲಾಭವೇ.

ಇದು ಬಿಡಿಸುವುದು ನೇರ ನಕ್ಷೆಗಳನ್ನು ಮಾತ್ರ. ಕ್ಲೋರೋಪ್ಲಾಸ್ಟ್ ಜೀನೋಮಿನ ವೃತ್ತಾಕಾರದ ಚಿತ್ರ ಬೇಕಿದ್ದವರು ಜೆನ್‌ಬ್ಯಾಂಕ್ ಮಾದರಿಯ ಕಡತವನ್ನು ಹಿಡಿದು ಓಜಿಡ್ರಾ ಎಂಬ ಇನ್ನೊಂದು ತಂತ್ರಾಂಶದ ಕಡೆಗೆ ಹೋಗಬೇಕು.